ಇವತ್ತು ಯಾರ ಮನೆ

ನಮ್ಮೂರಿನಲ್ಲಿ ದಿನಕ್ಕೆ ಒಂದೇ ಮನೆಯಲ್ಲಿ ಹಾಲು ಹೆಪ್ಪಾಗುತ್ತದೆ. ಹೆಪ್ಪು ಹಾಕುವುದೇನೋ ಎಲ್ಲರೂ. ಸಂಜೆ ಹಾಲು ಕಾಯಿಸಿ, ಬೆರಳು ಅದ್ದಿ ನೋಡಿ, ಇದ್ದ ಮೊಸರಿನಲ್ಲಿ ಒಂದು ಚಮಚ ಬಿಟ್ಟು, ತಟ್ಟೆ ಮುಚ್ಚಿ ಮಲಗುತ್ತಾರೆ. ಬೆಳಿಗ್ಗೆ ತಟ್ಟೆ ತೆಗೆದರೆ ಹಾಲು ಹಾಲಾಗಿಯೇ ಇರುತ್ತದೆ. ಇರುವ ಸಾವಿರದ ಎಂಟುನೂರು ಮನೆಗಳಲ್ಲಿ ಯಾವುದೋ ಒಂದರಲ್ಲಿ ಮಾತ್ರ ಗಟ್ಟಿ ಮೊಸರು ಕೂತಿರುತ್ತದೆ. ಆ ಮನೆಯಿಂದ ಒಂದು ಚಮಚ ತಂದು ನಿಮ್ಮ ಹಾಲಿಗೆ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ನಿಮಗೂ ಮೊಸರು. ಇಷ್ಟೇ. ಹೊರಗಿನಿಂದ ಬಂದವರು ಇದು ಹೇಗೆ ಎಂದು ಕೇಳುತ್ತಾರೆ. ನಿಮ್ಮೂರಿನಲ್ಲಿ ಎಲ್ಲರ ಮನೆಯಲ್ಲೂ ಹೇಗೆ ಆಗುತ್ತದೆ ಎಂದು ನಾವು ಕೇಳುತ್ತೇವೆ. ಅವರಿಗೂ ಗೊತ್ತಿರುವುದಿಲ್ಲ.

ಹೆಪ್ಪಾದ ಮನೆಗೆ ಕೆಲವು ಕಟ್ಟಳೆಗಳಿವೆ. ತಲೆಬಾಗಿಲು ತೆರೆದು ಚೌಕಟ್ಟಿಗೆ ಕಡಗೋಲು ಆನಿಸಿ ಇಡಬೇಕು. ದೀಪ ಹಚ್ಚುವವರೆಗೆ ಬಾಗಿಲು ಮುಚ್ಚಬಾರದು, ಬಂದವರಿಗೆ ಇಲ್ಲ ಅನ್ನಬಾರದು. ಬಂದವರೂ ಹೊರಗೆ ನಿಂತು ಕೈ ಚಾಚುವಂತಿಲ್ಲ. ಹೊಸಿಲು ದಾಟಿ, ಒಳಗೆ ಕೂತು, ನಾಲ್ಕು ಮಾತಾಡಿ, ಆಮೇಲೆ ಬಟ್ಟಲು ಮುಂದಿಡಬೇಕು. ಕೂತ ಮೇಲೆ ಹೆಪ್ಪು ಇಸಿದುಕೊಳ್ಳದೆ ಏಳುವ ಹಾಗೂ ಇಲ್ಲ. ಮುಖ ಕಂಡರೆ ಆಗದವರೂ ಅವತ್ತು ಬರುತ್ತಾರೆ, ಬಂದದ್ದಕ್ಕೆ ಯಾರೂ ಆಡಿಕೊಳ್ಳುವುದಿಲ್ಲ. ನಮ್ಮ ಚಿಕ್ಕಪ್ಪ ಎಂಬ ಮಹಾನುಭಾವ ಹಿತ್ತಲಗೋಡೆಯ ವಿಷಯಕ್ಕೆ ಪಕ್ಕದ ಮನೆಯವರ ಮೇಲೆ ಇಪ್ಪತ್ತು ವರ್ಷ ಕೇಸು ನಡೆಸಿದ. ಅವರ ಮನೆಯಲ್ಲಿ ಹೆಪ್ಪಾದ ದಿನ ಬಟ್ಟಲು ಹಿಡಿದು ಹೋಗಿ, ಅವರ ಕುರ್ಚಿಯ ಮೇಲೇ ಕೂತು, "ಈ ಸಲ ಸೆಕೆ ಜಾಸ್ತಿ" ಎಂದು ಹೇಳಿ, ಹೆಪ್ಪು ತಂದುಕೊಂಡು, ಮಾರನೆಯ ದಿನ ಕೋರ್ಟಿಗೆ ಹೋದ.

ನಾನು ರಾಚಪ್ಪ, ದರ್ಜಿ. ರವಿಕೆ ಹೊಲಿಯುವವನು. ಊರಿನ ಅರ್ಧ ಹೆಂಗಸರ ಅಳತೆ, ಅವರವರ ಮನೆಯ ದಾರಿ, ನಾಯಿ, ಅತ್ತೆ ಎಲ್ಲ ನನಗೆ ಗೊತ್ತು. ಅದಕ್ಕೇ ಏಳು ವರ್ಷದ ಹಿಂದೆ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಕುಮುದಿನಿ ಮೇಡಂ ನನ್ನ ಅಂಗಡಿಗೆ ಬಂದರು. ಅಲ್ಲಿಯವರೆಗೆ ಬೆಳಿಗ್ಗೆ ಎದ್ದರೆ ಊರಿಗೆ ಊರೇ ಬಟ್ಟಲು ಹಿಡಿದು ಬೀದಿ ಬೀದಿ ಕಡಗೋಲು ಹುಡುಕುತ್ತ ಅಲೆಯುತ್ತಿತ್ತು. ಮೇಡಂ ಫೋನಿನಲ್ಲಿ ಒಂದು ಆ್ಯಪ್ ಮಾಡಿದ್ದರು. ಹೆಸರು 'ಯಾರ ಮನೆ'. ಹೆಪ್ಪಾದವರು ಅದರಲ್ಲಿ ಒಂದು ಗುಂಡಿ ಒತ್ತಬೇಕು. ನಾನು ಹೋಗಿ ನಿಜವೋ ಸುಳ್ಳೋ ನೋಡಿ, ಆರೂವರೆಗೆ ಊರಿಗೆಲ್ಲ ಕಾಣುವ ಹಾಗೆ ಎರಡು ಸಾಲು ಬರೆಯಬೇಕು.

"ನಾನೇನು ಬರೀಲಿ ಮೇಡಂ, ನನಗೆ ಕತ್ತರಿ ಬಿಟ್ರೆ ಬೇರೆ ಗೊತ್ತಿಲ್ಲ" ಎಂದೆ.

"ಕಟಿಂಗ್ ಮಾಡುವಾಗ ಮಾತಾಡ್ತೀರಲ್ಲ ರಾಚಪ್ಪ, ಅದನ್ನೇ ಬರೀರಿ" ಎಂದರು.

ಬರೆದೆ. 'ಇವತ್ತು ಕಮ್ಮಾರ ಬೀದಿಯ ಪುಟ್ಟರಂಗಣ್ಣನವರ ಮನೆ. ಬಾಗಿಲಲ್ಲಿ ನಾಯಿ ಇದೆ, ಬೊಗಳುತ್ತೆ ಅಷ್ಟೆ. ರಂಗಣ್ಣನ ಎದುರು ಮಾತ್ರ ಮಂಡಿನೋವಿನ ಮಾತು ತೆಗೀಬೇಡಿ, ಮಧ್ಯಾಹ್ನ ಆಗಿಬಿಡುತ್ತೆ.' ಜನ ಇದನ್ನು ಓದಲೆಂದೇ ಬೇಗ ಏಳತೊಡಗಿದರು. ಪುಟ್ಟರಂಗಣ್ಣ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟ. ನಾಲ್ಕನೆಯ ದಿನ ಬಂದು ಕಾಗದದಲ್ಲಿ ಬರೆದುಕೊಡು, ಇಟ್ಟುಕೊಳ್ಳುತ್ತೇನೆ ಎಂದ.

ನನ್ನ ಅಂಗಡಿಯ ಎದುರು ಮನೆ ಕಲ್ಯಾಣಕ್ಕನದು. ಐವತ್ತೈದರ ಹೆಂಗಸು, ನೀರಾವರಿ ಕಚೇರಿಯಲ್ಲಿ ಗುಮಾಸ್ತೆ, ಮದುವೆಯಾಗಲಿಲ್ಲ, ತಾಯಿಯನ್ನು ಕೊನೆಯವರೆಗೆ ನೋಡಿಕೊಂಡವಳು. ತಂಗಿ ಇಂದುಮತಿ ಕೆರೆಬೀದಿಯಲ್ಲಿ ಗಂಡನ ಜೊತೆ ಊಟದ ಮನೆ ನಡೆಸುತ್ತಾಳೆ; ಮಧ್ಯಾಹ್ನ ನಲವತ್ತು ಎಲೆ, ಕೊನೆಗೆ ಮೊಸರನ್ನ. ಅಕ್ಕತಂಗಿಯರ ನಡುವೆ ಹನ್ನೊಂದು ವರ್ಷದಿಂದ ಮಾತಿಲ್ಲ. ತಾಯಿಯ ಹನ್ನೊಂದನೆಯ ದಿನದ ಊಟದಲ್ಲಿ, ಪಂಕ್ತಿಯ ನಡುವೆ, ಬಡಿಸುತ್ತಿದ್ದ ಸೌಟು ಕೈಯಲ್ಲಿ ಹಿಡಿದೇ ಕಲ್ಯಾಣಕ್ಕ ತಂಗಿಗೆ ಅಂದುಬಿಟ್ಟಿದ್ದಳು: "ಅಮ್ಮನ ಮಂಚದ ಹತ್ತಿರ ಮೂಗಿಗೆ ಸೆರಗು ಮುಚ್ಕೊಂಡು ನಿಂತವಳು ನೀನು. ಈಗ ಅಳೋದು ಯಾರಿಗೆ ತೋರ್ಸಕ್ಕೆ?" ಇಂದುಮತಿ ಎಲೆ ಮುಂದಿನಿಂದ ಎದ್ದಳು. ಈ ಮನೆ ಹೊಸಿಲು ಇನ್ನು ತುಳಿಯುವುದಿಲ್ಲ ಎಂದು ಹೇಳಿ ಹೋದಳು. ನಾನೂ ಆ ಪಂಕ್ತಿಯಲ್ಲಿದ್ದೆ.

ಎರಡು ವರ್ಷವಾದ ಮೇಲೆ ಇಂದುಮತಿಯ ಮನೆಯಲ್ಲಿ ಹೆಪ್ಪಾಯಿತು. ಕಲ್ಯಾಣಕ್ಕ ಹೋಗಲಿಲ್ಲ. ಅವತ್ತು ಮಜ್ಜಿಗೆಯಿಲ್ಲದೆ ಉಂಡಳು. ಅಷ್ಟು ಹಟ. ಆದರೆ ಮೂರು ವರ್ಷದ ಹಿಂದೆ ಹೆರಿಗೆ ಆಸ್ಪತ್ರೆಯ ನಿವೃತ್ತ ನರ್ಸಮ್ಮ ನನ್ನ ಅಂಗಡಿಯಲ್ಲಿ ಕೂತು, ಕಲ್ಯಾಣಕ್ಕ ಅಲ್ಲೇ ಇದ್ದಾಗ, ಮಾತಿಗೆ ಮಾತು ಬಂದು ಹೇಳಿದರು: ತಾಯಿ ತೀರಿಕೊಂಡಾಗ ಇಂದುಮತಿಗೆ ಮೂರು ತಿಂಗಳಾಗಿತ್ತು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ನಿಂತ ಬಸಿರು. ವಾಸನೆಯೆಂದರೆ ವಾಕರಿಕೆ. ತಾಯಿ ಹಾಸಿಗೆ ಹಿಡಿದಿರುವಾಗ ಈ ಸುದ್ದಿ ಹೇಗೆ ಹೇಳುವುದು ಎಂದು ಸುಮ್ಮನಿದ್ದಳು. ಆ ಊಟವಾಗಿ ಹತ್ತು ದಿನಕ್ಕೆ ಅದು ನಿಲ್ಲಲಿಲ್ಲ, ಹೋಯಿತು. ಮತ್ತೆ ಆಗಲಿಲ್ಲ.

ಕಲ್ಯಾಣಕ್ಕ ಅಳತೆಗೆಂದು ತಂದಿದ್ದ ರವಿಕೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅವತ್ತೇ ಸಂಜೆ ತಂಗಿಯ ಮನೆಗೆ ಹೋದಳು. ಇಂದುಮತಿ ಬಾಗಿಲು ತೆಗೆಯಲಿಲ್ಲ. ಇನ್ನೆರಡು ಸಲ ಹೋದಳು. ಫೋನು ಎತ್ತಲಿಲ್ಲ, ಬರೆದು ಕಳಿಸಿದ್ದು ಒಡೆಯದೆ ವಾಪಸು ಬಂತು. ಉಳಿದದ್ದು ಒಂದೇ ದಾರಿ. ಕಲ್ಯಾಣಕ್ಕನ ಮನೆಯಲ್ಲಿ ಹೆಪ್ಪಾಗಬೇಕು. ಆಗ ನಲವತ್ತು ಎಲೆಗೆ ಮೊಸರನ್ನ ಹಾಕುವವಳು ಬರಲೇಬೇಕು, ಹೊಸಿಲು ದಾಟಲೇಬೇಕು, ಕೂರಲೇಬೇಕು. ಅಂದಿನಿಂದ ಕಲ್ಯಾಣಕ್ಕ ಪ್ರತಿ ಬೆಳಿಗ್ಗೆ ತಟ್ಟೆ ತೆಗೆಯುವ ಮುಂಚೆ ಕೈಕಾಲು ತೊಳೆದುಕೊಳ್ಳುತ್ತಿದ್ದಳು. ಆಮೇಲೆ ಎದುರಿನಿಂದಲೇ ನನಗೆ ಇಲ್ಲ ಎಂದು ಕೈ ಆಡಿಸುತ್ತಿದ್ದಳು.

ಹೋದ ವರ್ಷ ಕುಮುದಿನಿ ಮೇಡಂ 'ಯಾರ ಮನೆ'ಯನ್ನು ಮಹಾನಗರದ ಒಂದು ದೊಡ್ಡ ಕಂಪನಿಗೆ ಕೊಟ್ಟುಬಿಟ್ಟರು. ಅವರನ್ನು ನಾನು ದೂರುವುದಿಲ್ಲ. ಆರು ವರ್ಷ ನಾಲ್ಕೂವರೆಗೆ ಎದ್ದ ಹೆಂಗಸು. ಆ್ಯಪ್ ನಿಂತರೆ ಊರಿನವರು ಮನೆಗೇ ಬಂದು ಬಾಗಿಲು ಬಡಿಯುತ್ತಿದ್ದರು. "ನಾನು ಒಂದಿನ ಏಳು ಗಂಟೆವರೆಗೆ ಮಲಗ್ಬೇಕು ರಾಚಪ್ಪ, ಇನ್ನೇನೂ ಬೇಡ" ಎಂದರು. ಕಣ್ಣ ಕೆಳಗೆ ಕಪ್ಪಾಗಿತ್ತು. ಕಂಪನಿಯವರು ಏನೂ ಬದಲಾಗುವುದಿಲ್ಲ ಎಂದು ಬರೆದುಕೊಟ್ಟಿದ್ದರಂತೆ. ನನ್ನನ್ನೂ 'ಸ್ಥಳೀಯ ಪರಿಶೀಲಕ' ಎಂದು ಇಟ್ಟುಕೊಂಡರು. ಕೊರಳಿಗೆ ಹಾಕಿಕೊಳ್ಳಲು ಒಂದು ಪಟ್ಟಿ, ಅದರಲ್ಲಿ ನನ್ನ ಫೋಟೊ. ನನ್ನ ಹೆಂಡತಿ ಅದನ್ನು ನೋಡಿ ಅರ್ಧ ಗಂಟೆ ನಕ್ಕಳು.

ಒಂದು ತಿಂಗಳು ನಿಜಕ್ಕೂ ಏನೂ ಬದಲಾಗಲಿಲ್ಲ. ಆಮೇಲೆ ಬಣ್ಣ ಬದಲಾಯಿತು. ಆಮೇಲೆ ನಾಯಿಯ ವಿಷಯ ಬರೆಯಬೇಡಿ ಎಂದರು; ಕಚ್ಚಿದರೆ ಯಾರು ಹೊಣೆ ಎಂದರು. ಮಂಡಿನೋವಿನ ವಿಷಯವೂ ಬೇಡ, ಅದು ಆರೋಗ್ಯದ ಮಾಹಿತಿಯಂತೆ. ಕೊನೆಗೆ ನನ್ನ ಎರಡು ಸಾಲು ಹೋಗಿ ಮನೆ ನಂಬರು ಉಳಿಯಿತು. ಮೊಸರಿಗೆ, ಮನೆಯವರಿಗೆ ನಕ್ಷತ್ರ ಕೊಡುವ ಪದ್ಧತಿ ಬಂತು. 'ಮೊಸರು ಚೆನ್ನಾಗಿದೆ, ಸತ್ಕಾರ ಸಾಧಾರಣ' ಎಂದು ಯಾರೋ ಬರೆದದ್ದನ್ನು ಓದಿ ಅಂಚೆಮನೆ ಬೀದಿಯ ಅಜ್ಜಿಯೊಬ್ಬರು ಎರಡು ದಿನ ಉಣ್ಣಲಿಲ್ಲ.

ಆಮೇಲೆ ಬಂದದ್ದು ಮನೆಗೇ ತಲುಪಿಸುವ ಏರ್ಪಾಡು. ಹಳದಿ ಶರ್ಟು ಹಾಕಿದ ಇಪ್ಪತ್ತು ಜನ ಹೆಪ್ಪಾದ ಮನೆಗೆ ಹೋಗಿ, ಹೊಸಿಲಿನಾಚೆಯೇ ನಿಂತು ಪಾತ್ರೆ ಇಸಿದುಕೊಂಡು, ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದರು. ಹೆಪ್ಪಾದ ಮನೆಯವರು ಎಲ್ಲವನ್ನೂ ಕಂಪನಿಗೇ ಕೊಡಬೇಕು, ಬಾಗಿಲು ಮುಚ್ಚಿಟ್ಟು ಗುಂಪು ಸೇರದಂತೆ ನೋಡಿಕೊಳ್ಳಬೇಕು ಎಂದು ನಿಯಮದಲ್ಲಿತ್ತು. ಎಲ್ಲರೂ 'ಒಪ್ಪಿಗೆ' ಎಂದು ಒತ್ತಿದ್ದೆವು. ಓದಿದವರು ಯಾರು? ಡಬ್ಬಿಯ ಹೆಪ್ಪಿಗೆ ಹಾಲು ಮೊಸರಾಗುವುದಿಲ್ಲ, ನೋಡುತ್ತಿರಿ ಎಂದು ಮುದುಕರು ಪಂಥ ಕಟ್ಟಿದರು. ಆಯಿತು. ಚೆನ್ನಾಗಿಯೇ ಆಯಿತು. ಸುಳ್ಳೇಕೆ ಹೇಳಲಿ, ನನಗೂ ಹಿತವೆನಿಸಿತು. ಬೆಳಿಗ್ಗೆ ಅಲೆದಾಟವಿಲ್ಲ, ಬೇಡದವರ ಮನೆಯಲ್ಲಿ ಕೂತು ಸೆಕೆಯ ಮಾತಾಡುವ ಕಷ್ಟವಿಲ್ಲ. ನಾಲ್ಕೈದು ತಿಂಗಳಲ್ಲಿ ಮನೆಮನೆಯ ಕಡಗೋಲು ಅಟ್ಟ ಸೇರಿತು.

ಕಲ್ಯಾಣಕ್ಕ ಮಾತ್ರ ಒಂದು ದಿನ ಅಂಗಡಿಗೆ ಬಂದು ಕೇಳಿದಳು: "ರಾಚಪ್ಪ, ಈಗ ನಮ್ಮನೇಲಿ ಆದ್ರೂ ಅವಳಿಗೆ ಡಬ್ಬಿ ಹೋಗುತ್ತಲ್ವಾ?"

"ಹೋಗುತ್ತಕ್ಕ" ಎಂದೆ.

"ಯಾರ ಮನೇದು ಅಂತಾನೂ ಅದ್ರ ಮೇಲೆ ಬರೆದಿರಲ್ಲ."

"ನಂಬರು ಇರುತ್ತೆ."

ಅವಳು ತಲೆಯಾಡಿಸಿ ಹೋದಳು. ಆದರೂ ಬೆಳಿಗ್ಗೆ ಕೈಕಾಲು ತೊಳೆದು ತಟ್ಟೆ ತೆಗೆಯುವುದನ್ನು ಬಿಡಲಿಲ್ಲ. ಇಲ್ಲ ಎಂದು ಕೈ ಆಡಿಸುವುದನ್ನೂ ಬಿಡಲಿಲ್ಲ.

ಹೋದ ತಿಂಗಳು ಒಂದು ಗುರುವಾರ ಅವಳು ಕೈ ಆಡಿಸಲಿಲ್ಲ. ರಸ್ತೆ ದಾಟಿ, ಸೆರಗಿನ ಮರೆಯಲ್ಲಿ ಪಾತ್ರೆ ಹಿಡಿದು ಬಂದು ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟಳು. ತಟ್ಟೆ ತೆಗೆದಳು. ನಾನು ಚಮಚ ಇಳಿಸಿ ನೋಡಿದೆ. ಗಟ್ಟಿ ಮೊಸರು.

"ಗುಂಡಿ ಒತ್ತಿಲ್ಲ" ಎಂದಳು. "ಒತ್ತಿದ್ರೆ ನೀನು ನಿಜ ಅನ್ನಬೇಕು, ಹಳದಿ ಶರ್ಟು ಬರ್ತಾರೆ. ಒತ್ತದಿದ್ರೆ ಊರಿಗೆಲ್ಲ ಮೊಸರಿಲ್ಲ. ಏನ್ ಮಾಡ್ಲಿ ಹೇಳು. ನಿನ್ ಕೆಲಸಕ್ಕೆ ತೊಂದ್ರೆ ಅಂದ್ರೆ ಈಗ್ಲೇ ಒತ್ತಿಬಿಡ್ತೀನಿ, ನಾನೇನೂ ಅಂದ್ಕೊಳ್ಳಲ್ಲ."

ಕೊರಳಲ್ಲಿ ಪಟ್ಟಿ ತೂಗುತ್ತಿತ್ತು. ಆ ಕೆಲಸ ನನಗೆ ಇಷ್ಟವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಎರಡು ಸಾಲು ಹೋದ ಮೇಲೂ ಬೆಳಿಗ್ಗೆ ಎದ್ದು ಊರಿಗೆ ಒಂದು ಸುದ್ದಿ ಕೊಡುವವನು ನಾನು ಎಂಬ ಸಣ್ಣ ಜಂಬ ಉಳಿದಿತ್ತು. ಆದರೆ ಮೂರು ವರ್ಷ ಎದುರಿನಿಂದ ಆ ಕೈ ನೋಡಿದವನೂ ನಾನೇ. "ಹೋಗಿ ಬಾಗಿಲು ತೆಗೆದಿಡಿ ಅಕ್ಕ. ಕಡಗೋಲು ಎಲ್ಲಿದೆ?" ಎಂದೆ.

"ಕೆಳಗೇ ಇದೆ. ನಾನು ಅಟ್ಟಕ್ಕೆ ಹಾಕಿಲ್ಲ" ಎಂದಳು.

ಸೈಕಲ್ ಹತ್ತಿ ಕೆರೆಬೀದಿಗೆ ಹೋದೆ. ಇಂದುಮತಿ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ನಿಂತಲ್ಲಿಂದಲೇ ಹೇಳಿದೆ: "ಇವತ್ತು ನಿಮ್ಮಕ್ಕನ ಮನೆ."

ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಡಬ್ಬಿ ಬರುತ್ತಲ್ಲ ರಾಚಪ್ಪಣ್ಣ."

"ಇವತ್ತು ಬರಲ್ಲ. ನಾನು ಹಾಕಿಲ್ಲ. ಬಾಗಿಲು ತೆಗೆದಿದ್ದಾರೆ."

"ಹಾಗಾದ್ರೆ ಇವತ್ತು ನಮ್ಮಲ್ಲಿ ಮೊಸರನ್ನ ಇಲ್ಲ ಅಂತ ಬೋರ್ಡ್ ಹಾಕ್ತೀನಿ" ಎಂದಳು. ಅಷ್ಟು ವರ್ಷದ ಸಿಟ್ಟು ಹೀಗೆ ಮೆತ್ತಗೆ ಮಾತಾಡಿದರೆ ಎದುರಿಗಿದ್ದವನು ಏನು ಹೇಳಬೇಕು? ಸೈಕಲ್ ತಿರುಗಿಸಿ ಬಂದೆ.

ಏಳು ಗಂಟೆಗೆ ಎಲ್ಲರ ಫೋನಿನಲ್ಲೂ 'ಇಂದು ಲಭ್ಯವಿಲ್ಲ' ಎಂದು ಬಂತು. ಊರು ಹುಟ್ಟಿದಾಗಿನಿಂದ ಅಂಥದ್ದೊಂದು ದಿನ ಇರಲಿಲ್ಲ. ಏಳೂವರೆಗೆ ಮಹಾನಗರದಿಂದ ನನಗೆ ಫೋನು. ಚಿಕ್ಕ ವಯಸ್ಸಿನ ಹೆಣ್ಣುಮಗಳ ದನಿ, ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ್, ನಿಮ್ಮಲ್ಲಿ ಇವತ್ತು ಆಗಿಲ್ವಾ?"

"ಆಗಿದೆ ತಾಯಿ."

"ಎಲ್ಲಿ ಸರ್?"

"ಒಂದು ಮನೇಲಿ."

ಹಾಗಾದರೆ ನಿಮ್ಮ ಸೇವೆ ಇವತ್ತಿಗೆ ಮುಗಿಯಿತೆಂದು ಬರೆದುಕೊಳ್ಳಬೇಕಾಗುತ್ತದೆ ಎಂದಳು. ಬರೆದುಕೊಳ್ಳಿ ಎಂದೆ. ಫೋನು ಇಡುವ ಮುಂಚೆ ದನಿ ತಗ್ಗಿಸಿ, "ಸರ್, ನಿಜವಾಗ್ಲೂ ಒಂದೇ ಮನೇಲಿ ಆಗೋದಾ? ನಮಗೆ ಇಲ್ಲಿ ಪ್ಯಾಕೆಟ್" ಎಂದಳು. ಪಾಪ ಅನಿಸಿತು.

ಎಂಟರ ಹೊತ್ತಿಗೆ ಹಾಲು ಹಾಕಲು ಬಂದ ಚಂದ್ರವ್ವ ಕಲ್ಯಾಣಕ್ಕನ ಬಾಗಿಲ ಕಡಗೋಲು ನೋಡಿ ನಿಂತಳು. ಅಷ್ಟು ಸಾಕಾಯಿತು. ಒಂಬತ್ತಕ್ಕೆಲ್ಲ ಬೀದಿ ತುಂಬ ಬಟ್ಟಲುಗಳು. ಅಭ್ಯಾಸ ತಪ್ಪಿ ಕೆಲವರು ಹೊರಗೇ ನಿಂತರು. ಒಳಗೆ ಬನ್ನಿ ಎಂದು ಕಲ್ಯಾಣಕ್ಕ ಕೈಹಿಡಿದು ಕರೆದಳು. ಒಳಗೆ ಬಂದವರಿಗೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಪುಟ್ಟರಂಗಣ್ಣ ಬಂದು ತನ್ನ ಮಂಡಿನೋವಿನ ವಿಷಯ ಎತ್ತಿದ ಮೇಲೆ ಎಲ್ಲರಿಗೂ ಬಾಯಿ ಬಂತು. ಬೆನ್ನು, ಸೊಂಟ, ಸೊಸೆ, ಸೆಕೆ. ಹೊಲಿಗೆ ಬಿಟ್ಟು ನಾನು ಬೀದಿಯ ಕೊನೆಯನ್ನೇ ನೋಡುತ್ತ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಮಧ್ಯಾಹ್ನದ ಊಟಕ್ಕೆ ಮೊಸರಾಗಬೇಕೆಂದರೆ ಹತ್ತರೊಳಗೆ ಹೆಪ್ಪು ಬೀಳಬೇಕು. ಇಂದುಮತಿ ಬರಲಿಲ್ಲ. ಬೋರ್ಡು ಹಾಕಿದ್ದಾಳೆ ಎಂದು ಆ ಕಡೆಯಿಂದ ಬಂದವರೇ ಹೇಳಿದರು.

ಮಧ್ಯಾಹ್ನ ಕಳೆದು ಮೂರು ಗಂಟೆಯಾಗಿತ್ತು. ಜನ ಕರಗಿದ್ದರು. ಕಲ್ಯಾಣಕ್ಕ ಒಬ್ಬಳೇ ಕೂತಿರುವುದು ಕಂಡು, ಸಮಾಧಾನಕ್ಕೆ ನಾಲ್ಕು ಮಾತಾಡೋಣವೆಂದು ಹೋದೆ. ಹೋಗುವಾಗ ಅಭ್ಯಾಸಬಲ, ಅಂಗಡಿಯಲ್ಲಿದ್ದ ಸ್ಟೀಲ್ ಬಟ್ಟಲು ಕೈಯಲ್ಲಿ ಹಿಡಿದೇ ಹೋದೆ. ಕೂತೆ. ಅದೂ ಇದೂ ಮಾತಾಡಿದೆ. ಅವಳ ಮುಖ ಸಪ್ಪಗಿತ್ತು. ಏಳುವಾಗ ಬಟ್ಟಲು ಮುಂದಿಟ್ಟೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಪಾತ್ರೆ ಬಗ್ಗಿಸಿ, ತಳ ಕೆರೆದು ಒಂದು ಚಮಚ ಹಾಕಿದಳು. ಪಾತ್ರೆ ಖಾಲಿ. ಅದನ್ನು ಅವಳು ಯಾರಿಗಾಗಿ ಉಳಿಸಿಕೊಂಡಿದ್ದಳೆಂದು ಆಗ ನನಗೆ ಹೊಳೆಯಿತು. ಬಂದವನಿಗೆ ಇಲ್ಲ ಅನ್ನುವಂತಿಲ್ಲ ಎಂದು ಅವಳು, ಕೂತವನು ತೆಗೆದುಕೊಳ್ಳದೆ ಏಳುವಂತಿಲ್ಲ ಎಂದು ನಾನು. ಹೀಗೆ ಹೆಪ್ಪೆಲ್ಲ ಮುಗಿಯಿತು. ನನ್ನಂಥ ಪೆದ್ದ ಊರಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ವಾಪಸು ಸುರಿಯುವ ಪದ್ಧತಿಯಿಲ್ಲ. ತಲೆ ಕೆಟ್ಟು, ಬಟ್ಟಲು ಹಿಡಿದು ಬೀದಿಯ ಮೂಲೆಯವರೆಗೆ ನಡೆದೆ. ಅಲ್ಲಿ ಎದುರಿಗೆ ಇಂದುಮತಿ.

ಊಟದ ಮನೆಯ ಕೆಲಸ ಮುಗಿಸಿ, ಸೀರೆ ಬದಲಿಸಿ, ತಲೆ ಬಾಚಿಕೊಂಡು ಬಂದಿದ್ದಳು. ಕೈಯಲ್ಲಿ ಖಾಲಿ ತಂಬಿಗೆ. ನಲವತ್ತು ಜನ ಉಂಡು ಎದ್ದ ಮೇಲೆ ಇವಳಿಗೆ ಹೆಪ್ಪು ಯಾಕೆ ಎಂದು ನಾನು ಯೋಚಿಸಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಇಂದುಮತಮ್ಮ, ಮುಗಿದೋಯ್ತು. ಕೊನೇದು ನನ್ ಕೈಲಿದೆ. ತಗೊಳ್ಳಿ."

ಬಟ್ಟಲು ಚಾಚಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹಳದಿ ಶರ್ಟಿನವರಿಗೂ ನನಗೂ ಏನು ವ್ಯತ್ಯಾಸ? ಇಲ್ಲಿಯೇ ಇಸಿದುಕೊಂಡು ತಿರುಗಿ ಹೋಗು ಎಂದು ದಾರಿ ತೋರಿಸಿದ್ದು ನಾನೇ. ಮೂರು ವರ್ಷದ ಕಾಯುವಿಕೆಯನ್ನು ಮೂರು ಮಾತಿನಲ್ಲಿ ಹಾಳುಮಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಇಂದುಮತಿ ಬಟ್ಟಲನ್ನು ನೋಡಿದಳು. ಆಮೇಲೆ ಬೀದಿಯ ಆ ತುದಿಯಲ್ಲಿ ತೆರೆದಿದ್ದ ಬಾಗಿಲನ್ನು ನೋಡಿದಳು.

"ಅದು ನಿಮ್ಮದು ರಾಚಪ್ಪಣ್ಣ. ಮನೆಗೆ ತಗೊಂಡು ಹೋಗಿ" ಎಂದು ಹೇಳಿ ನನ್ನನ್ನು ದಾಟಿ ನಡೆದಳು.

ನಾನು ಅಂಗಡಿಗೆ ಬಂದು ಕೂತೆ. ಕದ್ದು ಕೇಳುವವನಲ್ಲ, ಆದರೆ ಎದುರುಮನೆ ಎಂದ ಮೇಲೆ ಕಿವಿ ಮುಚ್ಚಿಕೊಳ್ಳಲು ಆಗುತ್ತದೆಯೇ? ಇಂದುಮತಿ ಹೊಸಿಲಿನ ಹತ್ತಿರ ನಿಂತಳು. ಕಲ್ಯಾಣಕ್ಕ ಎದ್ದು ಬಂದಳು. ಕೈಯಲ್ಲಿ ಆ ಖಾಲಿ ಪಾತ್ರೆ ಇನ್ನೂ ಇತ್ತು.

"ಹೆಪ್ಪು ಮುಗಿದೋಯ್ತು ಇಂದು" ಎಂದಳು. ಅಳು ಬಂದುಬಿಟ್ಟಿತ್ತು. "ಇಷ್ಟು ಹೊತ್ತು ಇಟ್ಕೊಂಡಿದ್ದೆ. ಈಗ ತಾನೇ ಹೋಯ್ತು."

"ಗೊತ್ತು. ಮೂಲೇಲೇ ರಾಚಪ್ಪಣ್ಣ ಹೇಳಿದ್ರು."

"ಮತ್ತೆ?"

ಇಂದುಮತಿ ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಮನೇಗೆ ಬಂದೋರನ್ನ ಒಳಗೆ ಬಾ, ಕೂತ್ಕೋ ಅನ್ನಲ್ವಾ?" ಎಂದಳು.

ಕಲ್ಯಾಣಕ್ಕ ಬಾ ಅನ್ನಲಿಲ್ಲ. "ನಿನಗೆ ಮೂರು ತಿಂಗಳಾಗಿತ್ತು ಅಂತ ನನಗೆ ಗೊತ್ತಿರ್ಲಿಲ್ಲ ಕಣೆ. ಗೊತ್ತಿದ್ದಿದ್ರೆ ನನ್ ಬಾಯಲ್ಲಿ ಆ ಮಾತು ಬರ್ತಿತ್ತಾ" ಎಂದಳು. ಇಂದುಮತಿ ಹೊಸಿಲು ದಾಟಿದಳು. ದಾಟಿದವಳು ಹಿಂದಕ್ಕೆ ಕೈ ಚಾಚಿ ಬಾಗಿಲನ್ನು ಮುಚ್ಚಿದಳು.

ಕಡಗೋಲು ಆನಿಸಿದ ಬಾಗಿಲು ದೀಪ ಹಚ್ಚುವ ಮೊದಲು ಮುಚ್ಚಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಒಳಗೆ ಹೆಪ್ಪೇ ಇಲ್ಲದ ಮೇಲೆ ತಪ್ಪೂ ಇಲ್ಲ ಎಂದುಕೊಂಡೆ. ಮುಂದೆ ಅವರು ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ಕಡಗೋಲು ಹೊರಗೇ ಉಳಿದಿತ್ತು. ಐದರ ಹೊತ್ತಿಗೆ ಹಳದಿ ಶರ್ಟಿನ ಮಂಜಯ್ಯ ಬಂದ. ಎರಡು ಮಕ್ಕಳ ತಂದೆ, ಇಡೀ ದಿನ ಕೆಲಸವಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದವನು. ಈಗ ಶರ್ಟಿನ ಮೇಲೆ ಟವಲು ಹೊದ್ದು, ಮನೆಯಿಂದ ಬಟ್ಟಲು ತಂದಿದ್ದ. ಕಡಗೋಲು ನೋಡಿದ, ಮುಚ್ಚಿದ ಬಾಗಿಲು ನೋಡಿದ. ತಟ್ಟಲೋ ಬೇಡವೋ ಎಂದು ಕೈ ಎತ್ತಿ ನನ್ನ ಕಡೆ ತಿರುಗಿದ.

"ಅಣ್ಣ, ಇವತ್ತು ಇದೇ ಮನೆ ತಾನೇ?"

"ಇದೇ ಮನೆ. ಈಗ ತಟ್ಟಬೇಡ" ಎಂದೆ. ಒಳಗೆ ಕರೆದು ನನ್ನ ಸ್ಟೂಲಿನ ಮೇಲೆ ಕೂರಿಸಿ, ಮಕ್ಕಳ ಶಾಲೆಯ ಬಗ್ಗೆ ನಾಲ್ಕು ಮಾತು ಕೇಳಿ, ನನ್ನ ಬಟ್ಟಲಲ್ಲಿದ್ದದ್ದನ್ನು ಅವನದಕ್ಕೆ ಸುರಿದುಕೊಟ್ಟೆ. ಅವತ್ತು ನಮ್ಮ ಮನೆಯಲ್ಲಿ ಮಜ್ಜಿಗೆಯಿಲ್ಲದೆ ಉಂಡೆವು. ಹೆಂಡತಿ ಯಾಕೆ ಎಂದು ಕೇಳಿದಳು. ಮೊದಲಿನಿಂದ ಹೇಳತೊಡಗಿದೆ.